ಪಾಕೀಟಿನ ಮೇಲೆ ಏನು ಬರೆಯಬೇಕು? ಪದಾರ್ಥಗಳ ಪಟ್ಟಿ ಮತ್ತು ಅಲರ್ಜಿ ಮಾಹಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ ಜಿಲ್ಲೆಯಲ್ಲಿ ಖಡಕ್ ರೊಟ್ಟಿ, ಚಟ್ನಿಪುಡಿ, ಶೇಂಗಾ ಹೋಳಿಗೆ ಮಾಡಿ ಮಾರುವ ಮಹಿಳಾ ಸಂಘಗಳಿಗೆ ಲೇಬಲ್ ಬರೆದುಕೊಡುವ ಕೆಲಸವನ್ನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಕುಷ್ಟಗಿ, ಕುಕನೂರು, ಗಂಗಾವತಿ, ಸಿಂಧನೂರಿನವರು ಕೇಳಿದ ಪ್ರಶ್ನೆಗಳನ್ನೂ ಹೊಳೆಯಾಚೆ ಕಂಪ್ಲಿ, ಸಿರುಗುಪ್ಪದಿಂದ ಫೋನಿನಲ್ಲಿ ಬಂದ ಪ್ರಶ್ನೆಗಳನ್ನೂ ಇಲ್ಲಿ ಒಟ್ಟುಗೂಡಿಸಿದ್ದೇನೆ. ಉತ್ತರಗಳಿಗೆ ಆಧಾರ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಹಾಗೂ ಅದರಡಿ ಬಂದ 2020ರ ಲೇಬಲಿಂಗ್ ನಿಯಮಗಳು. ನಿಯಮಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು ಎಂದು ನನಗೆ ಅನ್ನಿಸಿದ ಕಡೆ, ಅದು ನನ್ನ ಮಾತು ಎಂದು ಬೇರೆಯಾಗಿಯೇ ಹೇಳಿದ್ದೇನೆ.

ನಮ್ಮೂರಿನ ಎರಡು ಅಂಗಡಿಗಳಿಗಷ್ಟೇ ಕೊಡುತ್ತೇವೆ. ನಮಗೂ ಲೇಬಲ್ ಬೇಕೇ?

ಬೇಕು. ಎಷ್ಟು ಅಂಗಡಿಗೆ ಕೊಡುತ್ತೀರಿ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಪಾಕೀಟನ್ನು ಒಡೆಯದೆ ಒಳಗಿನದನ್ನು ಬದಲಿಸಲು ಆಗದಂತೆ ಮುಚ್ಚಿ, ಗಿರಾಕಿಗೆ ಮಾರಲು ಸಿದ್ಧವಾಗಿಟ್ಟರೆ ಅದು ಮೊದಲೇ ಪ್ಯಾಕ್ ಮಾಡಿದ ಆಹಾರ. ಸೀಲ್ ಹಾಕುವ ಯಂತ್ರದಿಂದ ಮುಚ್ಚಿದರೂ ಮೇಣದಬತ್ತಿಯ ಉರಿಗೆ ಪ್ಲಾಸ್ಟಿಕ್ ಚೀಲದ ಬಾಯಿ ಹಿಡಿದು ಅಂಟಿಸಿದರೂ ಒಂದೇ. ಸಣ್ಣ ವಹಿವಾಟಿನವರಿಗೆ ಲೈಸೆನ್ಸ್ ಬದಲು ನೋಂದಣಿ ಸಾಕು ಎಂಬ ರಿಯಾಯಿತಿ ಇದೆ. ಆದರೆ ಅದನ್ನು ಲೇಬಲ್‌ಗೂ ಅನ್ವಯಿಸಿಕೊಂಡವರು ಬಹಳ ಮಂದಿ ಇದ್ದಾರೆ. ಅದು ತಪ್ಪು ತಿಳಿವಳಿಕೆ.

ಗಿರಾಕಿಯ ಎದುರಿಗೇ ಡಬ್ಬಿಯಿಂದ ತೆಗೆದು ತೂಗಿ ಕೊಟ್ಟರೆ?

ಅದು ಬಿಡಿ ಮಾರಾಟ. ಅದಕ್ಕೆ ಲೇಬಲ್ ಬೇಕಿಲ್ಲ. ಖಾನಾವಳಿಯಲ್ಲಿ ತಟ್ಟೆಗೆ ಬಡಿಸುವ ಊಟಕ್ಕೂ ಬೇಕಿಲ್ಲ. ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಯ ಮುಂದೆ ಮಾತ್ರ ಯಾವ ದಿನದೊಳಗೆ ತಿಂದರೆ ಒಳ್ಳೆಯದು ಎಂಬ ಚೀಟಿ ಇರಬೇಕು. ಇದು 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆದರೆ ಬೆಳಿಗ್ಗೆಯೇ ಕಾಲು ಕಿಲೋ ಪಾಕೀಟು ಕಟ್ಟಿ ಕಪಾಟಿನಲ್ಲಿ ಜೋಡಿಸಿಟ್ಟರೆ ಅದು ಬಿಡಿ ಮಾರಾಟ ಅಲ್ಲ.

ಇಷ್ಟು ವರ್ಷ ಹೆಸರು, ಬೆಲೆ ಬರೆದು ಮಾರಿದ್ದೇವೆ. ಯಾರಿಗೂ ಏನೂ ಆಗಿಲ್ಲ. ಈಗ ಇಷ್ಟೆಲ್ಲ ಯಾಕೆ?

ಈ ಪ್ರಶ್ನೆಗೆ ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ. ನನ್ನ ತಂಗಿಯ ಮಗನಿಗೆ ಶೇಂಗಾ ಆಗುವುದಿಲ್ಲ. ಶೇಂಗಾ ಬೆಳೆಯುವ ಸೀಮೆಯಲ್ಲಿ, ಪಲ್ಯಕ್ಕೂ ಚುರುಮುರಿಗೂ ಹಬ್ಬದ ಹೋಳಿಗೆಗೂ ಶೇಂಗಾ ಹಾಕುವ ಊರಿನಲ್ಲಿ ಅಂಥ ಮಗುವನ್ನು ಬೆಳೆಸುವುದು ಎಷ್ಟು ಕಷ್ಟವೆಂದು ಆ ತಾಯಿಗೆ ಗೊತ್ತು. ಅವಳು ಎಲ್ಲಿ ಹೋದರೂ ಕೇಳಿಯೇ ತಿನ್ನಿಸುತ್ತಿದ್ದಳು. ಹುಡುಗನಿಗೆ ಆರು ವರ್ಷವಾಗಿದ್ದಾಗ ಒಂದು ಪಾಕೀಟು ಪುಟಾಣಿ (ಹುರಿಗಡಲೆ) ಚಟ್ನಿಪುಡಿ ತಂದಳು. ಮೇಲೆ ‘ಪುಟಾಣಿ ಚಟ್ನಿಪುಡಿ’ ಎಂದಿತ್ತು, ಕೆಳಗೆ ಬೆಲೆ ಇತ್ತು, ಬೇರೇನೂ ಇರಲಿಲ್ಲ. ಎರಡು ತುತ್ತಿಗೆ ತುಟಿ ಊದಿತು, ಮೈಮೇಲೆ ದದ್ದು ಎದ್ದವು, ಉಸಿರು ಎಳೆಯತೊಡಗಿದ. ಆಸ್ಪತ್ರೆ ಹತ್ತಿರವಿದ್ದುದರಿಂದ ತೊಡೆಗೆ ಅಡ್ರಿನಲಿನ್ ಚುಚ್ಚುಮದ್ದು ಬೇಗ ಸಿಕ್ಕಿತು, ಹುಡುಗ ಉಳಿದ. ಮಾಡಿದವರನ್ನು ಆಮೇಲೆ ಕೇಳಿದೆವು. ಆ ದಿನ ಪುಟಾಣಿ ಸಾಲದೆ ಬಂದು ಎರಡು ಹಿಡಿ ಶೇಂಗಾ ಸೇರಿಸಿದ್ದರಂತೆ. ಅದರಲ್ಲಿ ದುರುದ್ದೇಶ ಇರಲಿಲ್ಲ. ರುಚಿ ಕೆಡದಿರಲಿ ಎಂದು ಮಾಡಿದ್ದರು.

ಹಿಂದೆ ಚಟ್ನಿಪುಡಿ ಪಕ್ಕದ ಮನೆಯಿಂದ ಬರುತ್ತಿತ್ತು. ‘ಅಕ್ಕಾ, ಇದರಲ್ಲಿ ಏನೇನು ಹಾಕಿದ್ದೀರಿ?’ ಎಂದು ಕಟ್ಟೆಯ ಮೇಲೆ ಕೂತವರನ್ನು ಕೇಳಬಹುದಿತ್ತು. ಈಗ ಅದೇ ಪುಡಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತದೆ. ಅಲ್ಲಿ ತಿನ್ನುವವರು ಯಾರನ್ನು ಕೇಳಬೇಕು? ಮಾಡಿದವರ ಪರವಾಗಿ ಉತ್ತರ ಕೊಡಲು ಅಲ್ಲಿ ಲೇಬಲ್ ಒಂದೇ ಇರುತ್ತದೆ.

ಲೇಬಲ್ ಮೇಲೆ ಏನೇನು ಇರಬೇಕು?

ಆಹಾರದ ಹೆಸರು, ಪದಾರ್ಥಗಳ ಪಟ್ಟಿ, ಅಲರ್ಜಿ ತರುವ ಪದಾರ್ಥಗಳ ಸಾಲು, ಪೌಷ್ಟಿಕಾಂಶದ ವಿವರ, ಸಸ್ಯಾಹಾರ ಅಥವಾ ಮಾಂಸಾಹಾರದ ಗುರುತು, ತಯಾರಿಸಿದವರ ಹೆಸರು ಮತ್ತು ಪೂರ್ಣ ವಿಳಾಸ, ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಗುರುತು ಮತ್ತು ಲೈಸೆನ್ಸ್ ಅಥವಾ ನೋಂದಣಿಯ 14 ಅಂಕಿಯ ಸಂಖ್ಯೆ, ನಿವ್ವಳ ತೂಕ, ತೆರಿಗೆ ಸೇರಿದ ಗರಿಷ್ಠ ಮಾರಾಟ ಬೆಲೆ, ಬ್ಯಾಚ್ ಸಂಖ್ಯೆ, ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನ, ಬಳಕೆಯ ಕೊನೆಯ ದಿನ, ಗಿರಾಕಿ ಸಂಪರ್ಕಿಸಬಹುದಾದ ಫೋನ್ ಅಥವಾ ಇಮೇಲ್. ಬೆಲೆ ಮತ್ತು ತೂಕದ ವಿಚಾರವನ್ನು ಕಾನೂನು ಮಾಪನ ಇಲಾಖೆಯೂ ನೋಡುತ್ತದೆ.

ಒಂದು ಸಾಲು ಹೆಚ್ಚಿಗೆ ಹೇಳಬೇಕಾದದ್ದು ದಿನಾಂಕದ ಬಗ್ಗೆ. ‘ಇಷ್ಟು ತಿಂಗಳೊಳಗೆ ಬಳಸಿದರೆ ಉತ್ತಮ’ ಎಂದು ಬರೆದು ಸುಮ್ಮನಾಗುವ ಹಳೆಯ ರೂಢಿ ಈಗ ಸಾಲದು. ಬಳಕೆಯ ಕೊನೆಯ ದಿನವನ್ನು ಬರೆಯಲೇಬೇಕು. ಉಳಿದದ್ದು ಬೇಕಿದ್ದರೆ ಅದರ ಜೊತೆಗೆ ಇರಬಹುದು.

ಪದಾರ್ಥಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು?

ತಯಾರಿಸುವಾಗಿನ ತೂಕದ ಇಳಿಕೆ ಕ್ರಮದಲ್ಲಿ. ಹೆಚ್ಚು ಹಾಕಿದ್ದು ಮೊದಲು, ಚಿಟಿಕೆ ಹಾಕಿದ್ದು ಕೊನೆಗೆ. ಆದ್ದರಿಂದ ಲೇಬಲ್ ಬರೆಯುವ ಕೆಲಸ ಶುರುವಾಗುವುದು ತಕ್ಕಡಿಯಿಂದ. ನಮ್ಮ ಸಂಘಗಳಲ್ಲಿ ಇದೇ ದೊಡ್ಡ ತೊಡಕು. ಕೈಅಳತೆಯಲ್ಲಿ ಮಾಡುವವರಿಗೆ ‘ಎಷ್ಟು ಗ್ರಾಂ’ ಎಂದು ಕೇಳಿದರೆ ‘ಒಂದು ಹಿಡಿ’ ಎನ್ನುತ್ತಾರೆ. ಹಾಗೆ ಕೇಳಬೇಡಿ. ಅವರು ಎಂದಿನಂತೆ ಹಿಡಿಯಿಂದಲೇ ಹಾಕಲಿ, ಪ್ರತಿ ಹಿಡಿಯನ್ನು ಪಾತ್ರೆಗೆ ಹಾಕುವ ಮೊದಲು ತಕ್ಕಡಿಯ ಮೇಲೆ ಸುರಿಸಿ ಬರೆದುಕೊಳ್ಳಿ. ಮೂರು ಸಲ ಹೀಗೆ ಮಾಡಿದರೆ ಅಳತೆ ನಿಲ್ಲುತ್ತದೆ.

ಒಂದು ಕಿಲೋ ಶೇಂಗಾ ಚಟ್ನಿಪುಡಿಗೆ ಹುರಿದ ಶೇಂಗಾ 700 ಗ್ರಾಂ, ಖಾರದ ಪುಡಿ 120, ಉಪ್ಪು 70, ಬೆಳ್ಳುಳ್ಳಿ 60, ಜೀರಿಗೆ 30, ಬೆಲ್ಲ 15, ಇಂಗು 5 ಗ್ರಾಂ ಬಿತ್ತು ಎಂದುಕೊಳ್ಳಿ. ಆಗ ಲೇಬಲ್ ಹೀಗಿರುತ್ತದೆ:

ಪದಾರ್ಥಗಳು: ಹುರಿದ ಶೇಂಗಾ, ಒಣಮೆಣಸಿನಕಾಯಿ ಪುಡಿ, ಉಪ್ಪು, ಬೆಳ್ಳುಳ್ಳಿ, ಜೀರಿಗೆ, ಬೆಲ್ಲ, ಕೂಡಿಸಿದ ಇಂಗು (ಗೋಧಿ ಹಿಟ್ಟು, ಗೋಂದು, ಇಂಗು).
ಒಳಗೊಂಡಿದೆ: ಶೇಂಗಾ, ಗೋಧಿ.

ಗೋಧಿ ಎಲ್ಲಿಂದ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ.

ಎಲ್ಲ ಬರೆದರೆ ನಮ್ಮ ಕೈರುಚಿಯ ಗುಟ್ಟನ್ನು ಬೇರೆಯವರು ಕದಿಯುವುದಿಲ್ಲವೇ?

ಪ್ರಮಾಣವನ್ನು ಬರೆಯಬೇಕಿಲ್ಲ, ಕ್ರಮ ಮಾತ್ರ ಸಾಕು. ಮಸಾಲೆಗಳನ್ನು ಒಂದೊಂದಾಗಿ ಹೆಸರಿಸದೆ ‘ಸಂಬಾರ ಪದಾರ್ಥಗಳು’ ಎಂದು ಒಟ್ಟಾಗಿ ಬರೆಯಲೂ ಅವಕಾಶವಿದೆ. ಹುರಿಯುವ ಹದ, ಒಳಕಲ್ಲಿನಲ್ಲಿ ಕುಟ್ಟುವ ಹೊತ್ತು, ಮೆಣಸಿನಕಾಯಿಯ ಆಯ್ಕೆ ಇವು ಯಾವ ಲೇಬಲ್ ಮೇಲೂ ಬರುವುದಿಲ್ಲ. ಆದರೆ ಎಂಟು ಅಲರ್ಜಿ ಗುಂಪುಗಳಿಗೆ ಸೇರಿದ ಯಾವುದನ್ನೂ ಗುಟ್ಟಾಗಿ ಇಡುವಂತಿಲ್ಲ.

ಆ ಎಂಟು ಗುಂಪುಗಳು ಯಾವುವು?

ಗ್ಲುಟನ್ ಎಂಬ ಪ್ರೋಟೀನು ಇರುವ ಧಾನ್ಯಗಳು, ಅಂದರೆ ಗೋಧಿ, ಜವೆಗೋಧಿ, ರೈ, ಓಟ್ಸ್ ಮತ್ತು ಅವುಗಳ ಉತ್ಪನ್ನಗಳು. ಸಿಗಡಿ, ಏಡಿಯಂಥ ಚಿಪ್ಪಿನ ಜಲಚರಗಳು. ಹಾಲು ಮತ್ತು ಹಾಲಿನ ಉತ್ಪನ್ನಗಳು. ಮೊಟ್ಟೆ. ಮೀನು. ಶೇಂಗಾ ಮತ್ತು ಗೋಡಂಬಿ, ಬಾದಾಮಿ, ಪಿಸ್ತಾ, ಅಕ್ರೋಟಿನಂಥ ಮರದ ಬೀಜಗಳು. ಸೋಯಾ. ಎಂಟನೆಯದು ಸಲ್ಫೈಟ್, ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ.

ಪಟ್ಟಿಯನ್ನು ಬಾಯಿಪಾಠ ಮಾಡುವುದು ಸುಲಭ. ಬೇರೆ ಹೆಸರಿನಲ್ಲಿ ಬಂದಾಗ ಅವುಗಳನ್ನು ಗುರುತಿಸುವುದು ಕಷ್ಟ. ಮೈದಾ, ರವೆ, ಶ್ಯಾವಿಗೆ, ಮಾಲ್ಟ್ ಎಂದರೆ ಗೋಧಿ ಅಥವಾ ಜವೆಗೋಧಿಯ ಕುಲ. ಖೋವಾ, ತುಪ್ಪ, ಕೇಸಿನ್, ವೇ ಪುಡಿ ಎಂದರೆ ಹಾಲು. ಲೆಸಿಥಿನ್ ಅಥವಾ ಐಎನ್‌ಎಸ್ 322 (ಐಎನ್‌ಎಸ್ ಎಂದರೆ ಆಹಾರಕ್ಕೆ ಬೆರೆಸುವ ಸಂಯೋಜಕಗಳ ಅಂತರರಾಷ್ಟ್ರೀಯ ಸಂಖ್ಯೆ) ಎಂದಿದ್ದರೆ ಸಾಮಾನ್ಯವಾಗಿ ಸೋಯಾದಿಂದ ಬಂದದ್ದು. ಐಎನ್‌ಎಸ್ 220ರಿಂದ 228ರವರೆಗಿನ ಸಂಖ್ಯೆಗಳು ಸಲ್ಫೈಟ್ ಕುಟುಂಬದವು. ನೀವು ಕೊಂಡುತರುವ ಕಚ್ಚಾ ಪದಾರ್ಥದ ಪಾಕೀಟನ್ನು ಎಸೆಯುವ ಮೊದಲು ಹಿಂಬದಿ ಓದಿ. ನಿಮ್ಮ ಲೇಬಲ್‌ನ ಅರ್ಧ ಅಲ್ಲೇ ಬರೆದಿರುತ್ತದೆ.

ಚಟ್ನಿಪುಡಿಯಲ್ಲಿ ಗೋಧಿ ಎಲ್ಲಿಂದ ಬರುತ್ತದೆ?

ಇಂಗಿನಿಂದ. ಕಿರಾಣಿ ಅಂಗಡಿಯಲ್ಲಿ ಸಣ್ಣ ಡಬ್ಬಿಯಲ್ಲಿ ಸಿಗುವ ಇಂಗು ಶುದ್ಧ ಇಂಗಲ್ಲ. ಶುದ್ಧ ಇಂಗಿನ ಘಾಟು ಸಹಿಸಲಾಗದಷ್ಟು ಇರುವುದರಿಂದ ಅದನ್ನು ಹಿಟ್ಟು ಮತ್ತು ಗೋಂದಿನೊಂದಿಗೆ ಕೂಡಿಸಿ ಮಾರುತ್ತಾರೆ. ಆ ಹಿಟ್ಟು ಹಲವು ಬ್ರ್ಯಾಂಡ್‌ಗಳಲ್ಲಿ ಗೋಧಿಯದು, ಕೆಲವದರಲ್ಲಿ ಅಕ್ಕಿಯದು. ಗ್ಲುಟನ್ ಆಗದ ಒಬ್ಬರು ಚಪಾತಿ ಬಿಟ್ಟು ಜೋಳದ ರೊಟ್ಟಿ ಮತ್ತು ಚಟ್ನಿಪುಡಿಯ ಮೇಲೆ ಬದುಕುತ್ತಿದ್ದಾರೆ ಎಂದುಕೊಳ್ಳಿ. ಅವರಿಗೆ ನೆಮ್ಮದಿ ಕೊಡಬೇಕಾದ ಆ ಚಟ್ನಿಪುಡಿಯಲ್ಲೇ ಗೋಧಿ ಇರುತ್ತದೆ, ಅವರಿಗೆ ಗೊತ್ತಾಗುವುದೇ ಇಲ್ಲ.

ಕೂಡಿಸಿದ ಪದಾರ್ಥವು ಒಟ್ಟು ಆಹಾರದ ಶೇ 5ಕ್ಕಿಂತ ಕಡಿಮೆ ಇದ್ದರೆ ಅದರೊಳಗಿನ ಪದಾರ್ಥಗಳನ್ನು ಬಿಡಿಸಿ ಬರೆಯುವ ಕಡ್ಡಾಯವಿಲ್ಲ. ಇಂಗು ಯಾವತ್ತೂ ಅಷ್ಟಕ್ಕಿಂತ ಕಡಿಮೆಯೇ. ಈ ವಿನಾಯಿತಿಯನ್ನು ಹಿಡಿದು ಗೋಧಿಯ ಮಾತನ್ನೇ ಬಿಟ್ಟ ಲೇಬಲ್‌ಗಳನ್ನು ನೋಡಿದ್ದೇನೆ. ಅಲರ್ಜಿಯ ಸಾಲಿಗೆ ಈ ರಿಯಾಯಿತಿ ಇಲ್ಲ. ಅಕ್ಕಿ ಹಿಟ್ಟಿನ ಇಂಗು ತಂದರೆ ಆ ಸಾಲಿನಿಂದ ಗೋಧಿಯೇ ಹೋಗುತ್ತದೆ. ನನಗೆ ಅದೇ ಸರಳ ದಾರಿ ಎನಿಸುತ್ತದೆ.

ಎಳ್ಳು, ಸಾಸಿವೆ, ಪುಟಾಣಿ, ಗುರೆಳ್ಳು ಆ ಪಟ್ಟಿಯಲ್ಲಿ ಇಲ್ಲವಲ್ಲ?

ಇಲ್ಲ. ಭಾರತದ ಪಟ್ಟಿಯಲ್ಲಿ ಎಳ್ಳೂ ಇಲ್ಲ, ಸಾಸಿವೆಯೂ ಇಲ್ಲ. ಆದರೆ ಎಳ್ಳಿನ ಅಲರ್ಜಿ ತೀವ್ರವಾಗಿರಬಲ್ಲದು. ಅಮೆರಿಕ 2023ರ ಜನವರಿ 1ರಿಂದ ಅದನ್ನು ತನ್ನ ಒಂಬತ್ತನೆಯ ಪ್ರಮುಖ ಅಲರ್ಜಿ ಪದಾರ್ಥವನ್ನಾಗಿ ಸೇರಿಸಿದೆ. ಯುರೋಪಿನ 14ರ ಪಟ್ಟಿಯಲ್ಲಿ ಎಳ್ಳು, ಸಾಸಿವೆ ಎರಡೂ ಇವೆ. ನಮ್ಮಲ್ಲಿ ಸಂಕ್ರಾಂತಿಯ ಸಜ್ಜೆ ರೊಟ್ಟಿಗೆ ಎಳ್ಳು ಹಚ್ಚುತ್ತೇವೆ, ಅದು ಕಣ್ಣಿಗೆ ಕಾಣುತ್ತದೆ. ಚಟ್ನಿಪುಡಿಯೊಳಗೆ ಅರೆದ ಎಳ್ಳು ಕಾಣುವುದಿಲ್ಲ.

ಇದು ನನ್ನ ಮಾತು: ಎಳ್ಳು ಹಾಕಿದ್ದರೆ ಅದನ್ನು ‘ಸಂಬಾರ ಪದಾರ್ಥಗಳು’ ಎಂಬ ಪದದೊಳಗೆ ಮುಚ್ಚಬೇಡಿ. ಎಳ್ಳು ಎಂದೇ ಬರೆಯಿರಿ. ಸಾಸಿವೆಯನ್ನೂ ಹಾಗೆಯೇ ಬರೆಯಿರಿ.

ನಮ್ಮದು ಅಪ್ಪಟ ಜೋಳದ ರೊಟ್ಟಿ. ‘ಗ್ಲುಟನ್ ಫ್ರೀ’ ಎಂದು ಬರೆದರೆ ಪಟ್ಟಣದಲ್ಲಿ ಹೆಚ್ಚು ಬೆಲೆ ಸಿಗುತ್ತದೆ ಎನ್ನುತ್ತಾರೆ. ಬರೆಯಬಹುದೇ?

ಪರೀಕ್ಷೆ ಮಾಡಿಸದೆ ಬರೆಯಬೇಡಿ. ಜೋಳ, ಸಜ್ಜೆ, ನವಣೆ, ಅಕ್ಕಿಯಲ್ಲಿ ಗ್ಲುಟನ್ ಇಲ್ಲ, ನಿಜ. ಆದರೆ ‘ಗ್ಲುಟನ್ ಫ್ರೀ’ ಎನ್ನಬೇಕಾದರೆ ಕಿಲೋ ಆಹಾರದಲ್ಲಿ ಗ್ಲುಟನ್ 20 ಮಿಲಿಗ್ರಾಂ ಮೀರಬಾರದು. ಈಗ ನಿಮ್ಮ ಊರಿನ ಗಿರಣಿಯನ್ನು ನೆನಪಿಸಿಕೊಳ್ಳಿ. ನಿಮ್ಮ ಜೋಳದ ಚೀಲಕ್ಕಿಂತ ಮುಂಚೆ ಯಾರದೋ ಐದು ಕಿಲೋ ಗೋಧಿ ಬೀಸಿರುತ್ತಾರೆ. ಕಲ್ಲಿನ ಸಂದಿಯಲ್ಲಿ, ಹಿಟ್ಟು ಬೀಳುವ ಬಟ್ಟೆಯ ತೋಳಿನಲ್ಲಿ, ಡಬ್ಬಿಯ ತಳದಲ್ಲಿ ಗೋಧಿ ಹಿಟ್ಟು ಉಳಿದಿರುತ್ತದೆ. ಒಂದು ಕಿಲೋದಲ್ಲಿ 20 ಮಿಲಿಗ್ರಾಂ ಎಂದರೆ ಎಷ್ಟು? ಬೆರಳ ತುದಿಗೆ ಅಂಟಿದ ಹಿಟ್ಟೂ ಆ ಲೆಕ್ಕವನ್ನು ಕೆಡಿಸಬಹುದು.

ಹುಬ್ಬಳ್ಳಿಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಆ ಎರಡು ಪದಗಳನ್ನು ನಂಬಿ ಹೆಚ್ಚು ದುಡ್ಡು ಕೊಡುವವರಲ್ಲಿ ಸೀಲಿಯಾಕ್ ಕಾಯಿಲೆ ಇರುವವರ ತಾಯ್ತಂದೆಯರೂ ಆ ಕಾಯಿಲೆ ಇರುವವರೂ ಇರುತ್ತಾರೆ. ಅವರಿಗೆ ಗೋಧಿಯ ಪ್ರೋಟೀನು ಸಣ್ಣ ಕರುಳಿನ ಒಳಪದರವನ್ನೇ ಹಾಳುಮಾಡುತ್ತದೆ. ಜೀವನಪೂರ್ತಿ ಅದನ್ನು ದೂರ ಇಡುವುದೇ ಚಿಕಿತ್ಸೆ. ಅಂಥವರಿಗೆ ಸುಳ್ಳು ಭರವಸೆ ಮಾರುವುದನ್ನು ನಾನು ಒಪ್ಪಲಾರೆ.

ಮಾಡಲೇಬೇಕು ಎಂದಿದ್ದರೆ ದಾರಿ ಇದೆ. ಜೋಳಕ್ಕಷ್ಟೇ ಮೀಸಲಾದ ಸಣ್ಣ ಗಿರಣಿ ಇಟ್ಟುಕೊಳ್ಳಿ. ರೊಟ್ಟಿ ಬಡಿಯುವಾಗ ಅಂಟದಿರಲೆಂದು ಉದುರಿಸುವ ಹಿಟ್ಟೂ ಜೋಳದ್ದೇ ಆಗಿರಲಿ. ಚಪಾತಿ ಮಾಡುವ ಮಣೆ, ಹಂಚು ಬೇರೆ ಇರಲಿ. ಆಮೇಲೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಮಾದರಿ ಕಳಿಸಿ. ಅಲ್ಲಿಯವರೆಗೆ ‘ಪದಾರ್ಥಗಳು: ಜೋಳದ ಹಿಟ್ಟು, ನೀರು, ಉಪ್ಪು. ಗೋಧಿ ಇರಬಹುದು’ ಎಂದು ಬರೆದರೆ ಅದು ನಿಜವಾದ ಮಾತು.

ಹಾಗಾದರೆ ‘ಇರಬಹುದು’ ಎಂದು ಎಂಟನ್ನೂ ಬರೆದುಬಿಟ್ಟರೆ ತೊಂದರೆಯೇ ಇಲ್ಲವಲ್ಲ?

ನಿಮಗೆ ತೊಂದರೆ ಇಲ್ಲ ಎನಿಸಬಹುದು, ಓದುವವರಿಗೆ ಅದರಿಂದ ಪ್ರಯೋಜನವಿಲ್ಲ. ಬೇಕೆಂದೇ ಹಾಕಿದ್ದಕ್ಕೆ ‘ಒಳಗೊಂಡಿದೆ’ ಎನ್ನಬೇಕು. ಒಂದೇ ಕೋಣೆ, ಒಂದೇ ಮಿಕ್ಸರ್, ಒಂದೇ ಬಾಣಲೆಯಿಂದ ತಾಗಿರುವ ಸಾಧ್ಯತೆ ಇದ್ದರೆ ‘ಇರಬಹುದು’ ಎನ್ನಬಹುದು. ನಿಮ್ಮ ಕೋಣೆಯಲ್ಲಿ ಸಿಗಡಿಯ ವಾಸನೆಯೂ ಸುಳಿದಿಲ್ಲ ಎಂದರೆ ಸಿಗಡಿಯ ಹೆಸರು ಯಾಕೆ? ಎಲ್ಲ ಪಾಕೀಟಿನ ಮೇಲೂ ಎಲ್ಲವೂ ಇದ್ದರೆ ಅಲರ್ಜಿ ಇರುವವರು ಆ ಸಾಲನ್ನು ಓದುವುದನ್ನೇ ಬಿಡುತ್ತಾರೆ. ಮೊದಲು ಕೆಲಸದ ಸರದಿ ಬದಲಿಸಿ ನೋಡಿ. ಬೆಳಿಗ್ಗೆ ಅಗಸೆ ಪುಡಿ, ಪುಟಾಣಿ ಪುಡಿ ಕುಟ್ಟಿ, ಕೊನೆಗೆ ಶೇಂಗಾ. ಆಮೇಲೆ ಎಲ್ಲವನ್ನೂ ಸೋಪು ಹಾಕಿ ತೊಳೆದು ಒಣಗಿಸಿ. ಒರೆಸುವ ಬಟ್ಟೆ ಸಾಲದು.

ಹಸಿರು ಚುಕ್ಕಿ ಇದ್ದರೆ ಸಾಲದೇ?

ಸಾಲದು. ಹಸಿರು ಚೌಕದೊಳಗಿನ ಹಸಿರು ಚುಕ್ಕಿ ಸಸ್ಯಾಹಾರ ಎನ್ನುತ್ತದೆ, ಅಷ್ಟೇ. ಹಾಲು, ಗೋಧಿ, ಶೇಂಗಾ, ಸೋಯಾ ಎಲ್ಲವೂ ಹಸಿರು ಚುಕ್ಕಿಯ ಹಿಂದೆಯೇ ಇರುತ್ತವೆ. ಮಾಂಸಾಹಾರಕ್ಕೆ ಈಗ ಕಂದು ಚೌಕದೊಳಗೆ ಕಂದು ತ್ರಿಕೋನ. ಮೊಟ್ಟೆ ಹಾಕಿದ ಕೇಕಿಗೂ ಅದೇ ಗುರುತು.

ಶೇಂಗಾ ಎಣ್ಣೆಯಲ್ಲಿ ಕರಿದರೆ ಶೇಂಗಾ ಎಂದು ಬರೆಯಬೇಕೇ?

ಪದಾರ್ಥಗಳ ಪಟ್ಟಿಯಲ್ಲಿ ‘ಶೇಂಗಾ ಎಣ್ಣೆ’ ಎಂದು ಹೆಸರು ಹೇಳಿ ಬರೆಯಬೇಕು, ಬರೀ ‘ಖಾದ್ಯ ತೈಲ’ ಎಂದರೆ ಆಗದು. ಅಲರ್ಜಿಯ ಸಾಲಿನಿಂದ ಮಾತ್ರ ಎಣ್ಣೆಗಳಿಗೆ ನಿಯಮ ವಿನಾಯಿತಿ ಕೊಟ್ಟಿದೆ. ಚೆನ್ನಾಗಿ ಶುದ್ಧೀಕರಿಸಿದ ರಿಫೈಂಡ್ ಎಣ್ಣೆಯಲ್ಲಿ ಅಲರ್ಜಿ ತರುವ ಪ್ರೋಟೀನು ಬಹುತೇಕ ಉಳಿಯುವುದಿಲ್ಲ. ಗಾಣದ ಎಣ್ಣೆ ಹಾಗಲ್ಲ, ಅದರಲ್ಲಿ ಪ್ರೋಟೀನು ಉಳಿದಿರುತ್ತದೆ. ನಮ್ಮ ಕಡೆಯವರು ಹೆಮ್ಮೆಯಿಂದ ಬಳಸುವುದು ಗಾಣದ ಎಣ್ಣೆಯನ್ನೇ. ಇದೂ ನನ್ನ ಮಾತು: ಗಾಣದ ಶೇಂಗಾ ಎಣ್ಣೆ ಬಳಸಿದವರು ‘ಒಳಗೊಂಡಿದೆ: ಶೇಂಗಾ’ ಎಂದು ಬರೆಯಿರಿ. ನನ್ನ ತಂಗಿಯಂಥವರಿಗೆ ಆ ಒಂದು ಪದ ಸಾಕು.

ಸಲ್ಫೈಟ್ ಎಂದರೇನು? ನಾವು ಅಂಥದ್ದೇನೂ ಹಾಕುವುದಿಲ್ಲ.

ನೀವು ಹಾಕದಿದ್ದರೂ ನೀವು ಕೊಂಡ ಪದಾರ್ಥದಲ್ಲಿ ಇರಬಹುದು. ಗಂಧಕದಿಂದ ಬರುವ ಈ ಸಂರಕ್ಷಕಗಳು ಒಣಹಣ್ಣು ಕಪ್ಪಾಗದಂತೆ ತಡೆಯುತ್ತವೆ. ಬಳ್ಳಾರಿ ಸೀಮೆಯ ಅಂಜೂರ ಒಣಗಿಸಿ ಮಾರುವವರು ಗಂಧಕದ ಹೊಗೆ ಕೊಡುತ್ತೀರಾದರೆ ಈ ಸಾಲು ನಿಮಗೆ ಅನ್ವಯಿಸುತ್ತದೆ. ಬೆಲ್ಲವನ್ನು ತಿಳಿಹಳದಿ ಮಾಡಲು ಆಲೆಮನೆಯಲ್ಲಿ ಹಾಕುವ ಹೈಡ್ರೋಸ್ ಕೂಡ ಇದೇ ಬಳಗದ್ದು. ಹೋಳಿಗೆ, ಚಿಕ್ಕಿ ಮಾಡುವವರು ಕಪ್ಪು ಬೆಲ್ಲ ಹುಡುಕಿ ತಂದರೆ ಒಳ್ಳೆಯದು, ರುಚಿಯೂ ಅದರದೇ ಮೇಲು. ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್‌ನಿಂದ ಉಸಿರು ಕಟ್ಟುತ್ತದೆ.

ಐದು ರೂಪಾಯಿಯ ಚಿಕ್ಕಿಯ ಮೇಲೆ ಇಷ್ಟೆಲ್ಲ ಬರೆಯಲು ಜಾಗ ಎಲ್ಲಿದೆ?

ಪಾಕೀಟಿನ ಮೇಲ್ಮೈ 100 ಚದರ ಸೆಂಟಿಮೀಟರ್ ಮೀರದಿದ್ದರೆ ಪದಾರ್ಥಗಳ ಪಟ್ಟಿಯನ್ನು ಅದರ ಮೇಲೆ ಬರೆಯುವುದರಿಂದ ವಿನಾಯಿತಿ ಇದೆ. ಅವುಗಳನ್ನು ತುಂಬಿಕೊಡುವ ದೊಡ್ಡ ಪಾಕೀಟಿನ ಮೇಲೆ ಬರೆದರೆ ಸಾಕು. ಆದರೆ ದೊಡ್ಡ ಪಾಕೀಟು ಅಂಗಡಿಯಲ್ಲೇ ಉಳಿಯುತ್ತದೆ, ಸಣ್ಣದು ಮಗುವಿನ ಕೈಗೆ ಹೋಗುತ್ತದೆ. ‘ಶೇಂಗಾ ಇದೆ’ ಎಂಬ ಎರಡು ಪದಕ್ಕೆ ಎಷ್ಟು ಜಾಗ ಬೇಕು?

ಕನ್ನಡದಲ್ಲಿ ಮಾತ್ರ ಬರೆದರೆ ನಡೆಯುತ್ತದೆಯೇ?

ನಡೆಯುವುದಿಲ್ಲ. ಕಡ್ಡಾಯ ಮಾಹಿತಿ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇರಬೇಕು, ಜೊತೆಗೆ ಬೇರೆ ಭಾಷೆ ಸೇರಿಸಬಹುದು ಎನ್ನುತ್ತದೆ ಕೇಂದ್ರದ ನಿಯಮ. ಕರ್ನಾಟಕದಲ್ಲಿ ತಯಾರಾಗುವ ವಸ್ತುಗಳ ಹೆಸರು ಮತ್ತು ಸೂಚನೆ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶಿಸಿದೆ. ಹಾಗಾಗಿ ಎರಡೂ ಬೇಕು. ಮೇಲೆ ನಾನು ಕನ್ನಡದಲ್ಲಿ ಕೊಟ್ಟ ಮಾದರಿಯ ಪಕ್ಕದಲ್ಲಿ ‘ಇಂಗ್ರೀಡಿಯೆಂಟ್ಸ್’, ‘ಕಂಟೇನ್ಸ್’ ಎಂಬ ಇಂಗ್ಲಿಷ್ ಸಾಲುಗಳೂ ಇರಲಿ. ಅಲರ್ಜಿಯ ಸಾಲನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಮುದ್ರಿಸಿ. ಪಾಕೀಟು ಹಿಡಿದು ಓದುವವರು ನಮ್ಮ ಅಜ್ಜಿಯರೂ ಹೌದು, ನಾಲ್ಕನೇ ತರಗತಿಯ ಮಕ್ಕಳೂ ಹೌದು.

ಶಾಲೆಗೆ ತಿನಿಸು ಕೊಡುವವರು ಬೇರೇನಾದರೂ ಗಮನಿಸಬೇಕೇ?

ಗಮನಿಸಬೇಕು. ಕೊಪ್ಪಳ, ರಾಯಚೂರು, ಬಳ್ಳಾರಿ ಸೇರಿದಂತೆ ಕೆಲವು ಜಿಲ್ಲೆಗಳ ಸರ್ಕಾರಿ ಶಾಲೆಗಳಲ್ಲಿ 2021ರ ಡಿಸೆಂಬರ್‌ನಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡುವುದು ಶುರುವಾಯಿತು, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2022ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದಾಗ ಶೇಂಗಾ ಚಿಕ್ಕಿಯೂ ಸೇರಿತ್ತು, 2025ರಲ್ಲಿ ಚಿಕ್ಕಿಯನ್ನು ಕೈಬಿಟ್ಟರು. ಮಕ್ಕಳ ಪೌಷ್ಟಿಕತೆಗೆ ಇದು ಬೇಕಾಗಿದ್ದ ಕೆಲಸ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮೊಟ್ಟೆಯೂ ಶೇಂಗಾವೂ ಆ ಎಂಟರ ಪಟ್ಟಿಯಲ್ಲೇ ಇವೆ. ಮಗುವಿಗೆ ಏನು ಆಗುವುದಿಲ್ಲ ಎಂಬುದನ್ನು ತಾಯಿತಂದೆ ಬರೆದುಕೊಡಬೇಕು, ಅಡುಗೆಯವರ ಕೋಣೆಯ ಗೋಡೆಯ ಮೇಲೆ ಆ ಹೆಸರುಗಳ ಚೀಟಿ ಇರಬೇಕು. ತಿನಿಸು ಕೊಡುವವರು ಬಿಡಿ ತುಂಡುಗಳನ್ನು ಡಬ್ಬಿಗೆ ಸುರಿದು ಕೊಡದೆ, ಲೇಬಲ್ ಇರುವ ಮೂಲ ಪಾಕೀಟಿನಲ್ಲೇ ಕೊಡಲಿ.

ಲಂಡನ್ನಿನಲ್ಲಿರುವ ಸಂಬಂಧಿಕರು ನಮ್ಮ ಪುಡಿಯನ್ನು ಅಲ್ಲಿ ಮಾರುತ್ತೇವೆ ಎನ್ನುತ್ತಾರೆ. ಇದೇ ಲೇಬಲ್ ಸಾಕೇ?

ಸಾಲದು. ಅಲ್ಲಿ 14 ಅಲರ್ಜಿ ಪದಾರ್ಥಗಳಿವೆ, ಅವು ಪದಾರ್ಥಗಳ ಪಟ್ಟಿಯೊಳಗೇ ದಪ್ಪ ಅಕ್ಷರದಲ್ಲೋ ಬೇರೆ ರೀತಿಯಲ್ಲೋ ಎದ್ದು ಕಾಣಬೇಕು. 2016ರಲ್ಲಿ ನತಾಶಾ ಎಂಬ 15 ವರ್ಷದ ಹುಡುಗಿ ಅಂಗಡಿಯಲ್ಲಿ ಕೊಂಡ ಬ್ರೆಡ್ಡಿನೊಳಗಿದ್ದ ಎಳ್ಳಿನಿಂದ ತೀರಿಕೊಂಡಳು. ಪಾಕೀಟಿನ ಮೇಲೆ ಎಳ್ಳಿನ ಹೆಸರೇ ಇರಲಿಲ್ಲ. ಅಂಗಡಿಯಲ್ಲೇ ಮಾಡಿ ಅಲ್ಲೇ ಕಟ್ಟಿ ಮಾರುವ ಆಹಾರಕ್ಕೆ ಆಗ ಪೂರ್ಣ ಲೇಬಲ್ ಬೇಕಿರಲಿಲ್ಲ. ಅವಳ ತಾಯಿತಂದೆ ಹೋರಾಡಿ ತಂದ ಬದಲಾವಣೆ 2021ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದನ್ನು ಅವಳ ಹೆಸರಿನಿಂದಲೇ ಕರೆಯುತ್ತಾರೆ. ಅಲ್ಲಿ ಮಾರುವವರು ಅಲ್ಲಿನ ನಿಯಮ ನೋಡಿ ಹೊಸ ಲೇಬಲ್ ಮಾಡಿಸಲಿ.

ತಪ್ಪು ಲೇಬಲ್‌ಗೆ ದಂಡ ಎಷ್ಟು? ದೂರು ಎಲ್ಲಿ ಕೊಡಬೇಕು?

ತಪ್ಪು ಲೇಬಲ್ ಇರುವ ಆಹಾರಕ್ಕೆ 3 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಆಹಾರ ತಿಂದು ಸಾವು ಸಂಭವಿಸಿದರೆ ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರ ಕೊಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಜಿಲ್ಲೆಯಲ್ಲಿ ಅಂಕಿತಾಧಿಕಾರಿ, ಅವರ ಕೆಳಗೆ ಆಹಾರ ಸುರಕ್ಷತಾ ಅಧಿಕಾರಿಗಳು ಇರುತ್ತಾರೆ. ದೂರನ್ನು ಅವರಿಗೆ ಲಿಖಿತವಾಗಿ ಕೊಡಬಹುದು, ಅಥವಾ 1800112100 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು. ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ಹಕ್ಕು ಇದೆ: ಕೊಂಡವರೇ ಶುಲ್ಕ ಕಟ್ಟಿ ಆಹಾರವನ್ನು ಪರೀಕ್ಷೆ ಮಾಡಿಸಬಹುದು. ತಪ್ಪು ಕಂಡುಬಂದರೆ ಆ ಶುಲ್ಕ ಮರಳಿ ಸಿಗುತ್ತದೆ. ಇದು ಕಾಯ್ದೆಯ 40ನೇ ಕಲಂ.

ತಿಂದ ಮೇಲೆ ಅಲರ್ಜಿಯಾದರೆ ಮೊದಲು ಏನು ಮಾಡಬೇಕು?

ತುರಿಕೆಯ ಜೊತೆಗೆ ತುಟಿ, ನಾಲಿಗೆ ಊದುವುದು, ಧ್ವನಿ ಬದಲಾಗುವುದು, ಉಸಿರು ಕಟ್ಟುವುದು, ಪದೇ ಪದೇ ವಾಂತಿ, ತಲೆಸುತ್ತಿ ಬೀಳುವುದು ಕಂಡರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕ ವಾಹನದಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ಪ್ರಾಣ ಉಳಿಸುವ ಮದ್ದು ಅಡ್ರಿನಲಿನ್, ಅಲರ್ಜಿಯ ಮಾತ್ರೆ ಅದರ ಬದಲಿ ಅಲ್ಲ. ತಲೆಸುತ್ತುತ್ತಿದ್ದರೆ ಮಲಗಿಸಿ, ಎದ್ದು ನಡೆಯಲು ಬಿಡಬೇಡಿ. ಉಸಿರು ಕಷ್ಟವಾದರೆ ಕೂತಿರಲಿ. ಪಾಕೀಟನ್ನು ಎಸೆಯದೆ ಜೊತೆಗೆ ಒಯ್ಯಿರಿ, ವೈದ್ಯರು ಮೊದಲು ಕೇಳುವುದು ‘ಏನು ತಿಂದಿದ್ದು?’ ಎಂದೇ.

ಪದಾರ್ಥ ಬದಲಾಯಿತು, ಹಳೆಯ ಸ್ಟಿಕ್ಕರ್ ಸಾವಿರ ಉಳಿದಿವೆ. ಮುಗಿಯುವವರೆಗೆ ಬಳಸಬಹುದೇ?

ಬಳಸುವಂತಿಲ್ಲ. ಪುಟಾಣಿ ಸಾಲದೆ ಶೇಂಗಾ ಸೇರಿಸಿದ ಆ ಒಂದು ದಿನಕ್ಕೂ ಬೇರೆ ಲೇಬಲ್ ಬೇಕು. ಅದು ಆಗದು ಎಂದರೆ ಆ ದಿನ ಪುಟಾಣಿ ಪುಡಿ ಮಾಡಬೇಡಿ. ಒಂದೇ ಸಲ ಸಾವಿರ ಮಾಡಿಸುವುದನ್ನು ಬಿಟ್ಟು ಇನ್ನೂರು ಇನ್ನೂರಾಗಿ ಮಾಡಿಸಿ, ಸ್ವಲ್ಪ ದುಬಾರಿಯಾದರೂ ಸರಿ. ಉಳಿದ ಹಳೆಯ ಸ್ಟಿಕ್ಕರ್‌ಗಳನ್ನು ಅಂದೇ ಹರಿದುಹಾಕಿ. ಕಪಾಟಿನಲ್ಲಿ ಇದ್ದರೆ ಜಾತ್ರೆಯ ಅವಸರದಲ್ಲಿ ಯಾರಾದರೂ ಅವನ್ನೇ ತೆಗೆದು ಅಂಟಿಸುತ್ತಾರೆ.